ಪಾಳಿ ಕೆಲಸದವರ ಮನೆಯಲ್ಲಿ ದಿನದ ಪ್ರಾರ್ಥನೆ ನಿಲ್ಲದೆ ನಡೆಯುವುದು ಹೇಗೆ?

ಪ್ರಶ್ನೆ: ಮಂಡ್ಯದ ಪಾಳಿಗಾರ

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ನಾನು ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯವನು. ಮೈಸೂರಿನ ಮೇಟಗಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ದುಡಿಯುತ್ತಿದ್ದೇನೆ. ಒಂದು ವಾರ ಬೆಳಿಗ್ಗೆ ಆರರಿಂದ ಎರಡರವರೆಗೆ, ಮರುವಾರ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ, ಅದರ ಮುಂದಿನ ವಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ, ಹೀಗೆ ಪಾಳಿ ತಿರುಗುತ್ತಿರುತ್ತದೆ. ಹೋಗಿಬರುವ ದಾರಿಗೂ ದಿನಾ ಹೊತ್ತು ಬೇಕು. ಮನೆಯಲ್ಲಿ ಹೆಂಡತಿ, ಏಳನೇ ತರಗತಿಯ ಮಗಳು, ನಾಲ್ಕನೇ ತರಗತಿಯ ಮಗ ಇದ್ದಾರೆ. ಭಾನುವಾರ ರಜೆ ಸಿಕ್ಕರೆ ಎಲ್ಲರೂ ಆರಾಧನೆಗೆ ತಪ್ಪದೆ ಹೋಗುತ್ತೇವೆ. ಆದರೆ ಸೋಮವಾರದಿಂದ ಶನಿವಾರದವರೆಗೆ ನಮ್ಮ ಮನೆಗೂ ಪ್ರಾರ್ಥನೆಗೂ ಸಂಬಂಧವೇ ಇಲ್ಲ ಎಂಬಂತಾಗಿದೆ.

ನಾನು ಬೆಳೆದ ಮನೆ ಹೀಗಿರಲಿಲ್ಲ. ನಮ್ಮ ತಂದೆ ಸಂಜೆ ಹಸುವಿನ ಹಾಲು ಕರೆದು, ಡೈರಿಗೆ ಹಾಕಿ, ಖಾಲಿ ಕ್ಯಾನನ್ನು ತೊಳೆದು ಗೋಡೆಯ ಗೂಟಕ್ಕೆ ನೇತುಹಾಕುತ್ತಿದ್ದರು. ಆ ಕ್ಯಾನಿನ ಸದ್ದು ಕೇಳಿದ ಕೂಡಲೇ ಅಮ್ಮ ನಡುಮನೆಯಲ್ಲಿ ಚಾಪೆ ಹಾಸುತ್ತಿದ್ದಳು, ನಾವು ನಾಲ್ಕು ಮಕ್ಕಳು ಎಲ್ಲಿದ್ದರೂ ಬಂದು ಕೂರುತ್ತಿದ್ದೆವು. ಒಂದು ಕೀರ್ತನೆ, ಸತ್ಯವೇದದಿಂದ (ಬೈಬಲಿನಿಂದ) ಒಂದು ಭಾಗ, ಅಪ್ಪನ ಪ್ರಾರ್ಥನೆ, ಕೊನೆಗೆ ಎಲ್ಲರೂ ಕೂಡಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆ. ಹದಿನೈದು ನಿಮಿಷಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಮಳೆ ಬಂದರೂ, ನೆಂಟರು ಬಂದರೂ ಅದು ತಪ್ಪಿದ ನೆನಪು ನನಗಿಲ್ಲ.

ಹೋದ ವರ್ಷ ಇದನ್ನು ನಮ್ಮ ಮನೆಯಲ್ಲಿಯೂ ಹಿಡಿಯಬೇಕೆಂದು ನಿಶ್ಚಯಿಸಿ, ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅರ್ಧ ಗಂಟೆ ಪ್ರಾರ್ಥಿಸುವುದೆಂದು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಬರೆದು ಗುರುತು ಹಾಕುತ್ತಾ ಹೋದೆ. ಹನ್ನೊಂದು ದಿನ ನಡೆಯಿತು. ಹನ್ನೆರಡನೆಯ ದಿನ ರಾತ್ರಿ ಪಾಳಿ ಬಂತು, ಗುರುತು ತಪ್ಪಿತು. ಮತ್ತೆರಡು ದಿನ ಬಿಟ್ಟ ಮೇಲೆ ಆ ಪುಸ್ತಕವನ್ನು ತೆರೆಯಲು ನಾಚಿಕೆಯಾಯಿತು. ಈಗ ಅದು ಬೀರುವಿನಲ್ಲಿದೆ. ಪ್ರಾರ್ಥನೆಗೆ ಕುಳಿತರೂ ಮೊದಲ ಐದು ನಿಮಿಷ ಬಿಟ್ಟ ದಿನಗಳಿಗೆ ಕ್ಷಮೆ ಕೇಳುವುದರಲ್ಲೇ ಕಳೆದು, ಮುಂದಿನ ಐದು ನಿಮಿಷ ಮನಸ್ಸು ಯಂತ್ರದ ಹತ್ತಿರ ಹೋಗಿಬಿಡುತ್ತದೆ.

ನನ್ನಂತೆ ಹೊತ್ತು ಗೊತ್ತಿಲ್ಲದ ಬದುಕು ನಡೆಸುವವರು ಪ್ರತಿದಿನದ ಪ್ರಾರ್ಥನೆಯನ್ನು ಹೇಗೆ ಉಳಿಸಿಕೊಂಡಿದ್ದೀರಿ ಎಂಬುದನ್ನು ದಯವಿಟ್ಟು ತಿಳಿಸಿ. ಪ್ರಾರ್ಥನೆ ಅಗತ್ಯವೆಂಬ ಉಪದೇಶ ನನಗೆ ಚೆನ್ನಾಗಿ ಗೊತ್ತಿದೆ. ಅದು ನಡೆಯುವ ಬಗೆ ಬೇಕಾಗಿದೆ.

ಉತ್ತರ: ನಿವೃತ್ತ ನರ್ಸ್, ಮೈಸೂರು

ತಮ್ಮ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ಇದೇ ಮೂರು ಪಾಳಿಗಳಲ್ಲಿ ಸುತ್ತಿದವಳು ನಾನು. ಆದ್ದರಿಂದ ನಿಮ್ಮ ಕಷ್ಟ ನನಗೆ ಹೊಸದಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಾನೂ ಬೆಳಗಿನ ಜಾವದ ಪ್ರಾರ್ಥನೆಯ ಹಟ ಹಿಡಿದೆ. ನೈಟ್ ಡ್ಯೂಟಿ ಮುಗಿಸಿ ಬಂದವಳಿಗೆ ಬೆಳಗಿನ ಜಾವ ಯಾವುದು, ಮಲಗುವ ಹೊತ್ತು ಯಾವುದು ಎಂದೇ ತಿಳಿಯದೆ ಹಟ ಸೋತಿತು.

ನನಗೆ ದಾರಿ ಸಿಕ್ಕಿದ್ದು ಕೈ ತೊಳೆಯುವ ನಲ್ಲಿಯ ಹತ್ತಿರ. ಒಬ್ಬ ರೋಗಿಯನ್ನು ಮುಟ್ಟಿ ಇನ್ನೊಬ್ಬರನ್ನು ಮುಟ್ಟುವ ಮೊದಲು ಕೈ ತೊಳೆಯಲೇಬೇಕು. ಸೋಪು ಹಚ್ಚಿ, ಅಂಗೈ, ಮುಂಗೈ, ಬೆರಳ ಸಂದು, ಹೆಬ್ಬೆರಳು, ಉಗುರು ಎಲ್ಲವನ್ನೂ ಉಜ್ಜಿ ತೊಳೆಯಲು ಹಿಡಿಯುವ ಹೊತ್ತಿನಲ್ಲಿ ಅವಸರಪಡದೆ ಒಂದು ಸಲ ಕರ್ತನ ಪ್ರಾರ್ಥನೆ ಹೇಳಿ ಮುಗಿಸಬಹುದು. ನಮಗೆ ಪಾಠ ಹೇಳಿಕೊಟ್ಟ ಹಿರಿಯ ಸಿಸ್ಟರ್ ಒಬ್ಬರು ಹೊತ್ತು ಅಳೆಯಲೆಂದು ಇದನ್ನು ಹೇಳಿದ್ದರು. ನಾನು ಪ್ರಾರ್ಥಿಸಲೆಂದು ಉಳಿಸಿಕೊಂಡೆ. “ಪರಲೋಕದಲ್ಲಿರುವ ನಮ್ಮ ತಂದೆಯೇ” ಎಂದು ನಲ್ಲಿ ತಿರುಗಿಸಿದರೆ “ಆಮೆನ್” ಎನ್ನುವಾಗ ಕೈ ಒರೆಸಿಕೊಳ್ಳುತ್ತಿದ್ದೆ. ಹಿಂದಿನ ಹಾಸಿಗೆಯವರ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು “ನಮ್ಮ” ಎಂಬ ಮಾತಿಗೆ ಅವರನ್ನು ಸೇರಿಸಿಕೊಳ್ಳುತ್ತಿದ್ದೆ. ಹಾಗೆ ಕೆಲವು ದಿನ ಇಪ್ಪತ್ತು ಸಲ, ಕೆಲವು ದಿನ ಮೂವತ್ತು ಸಲ ಆಗುತ್ತಿತ್ತು. ಎಲ್ಲ ಸಲವೂ ಮನಸ್ಸು ಅಲ್ಲಿತ್ತು ಎಂದು ಹೇಳಲಾರೆ. ಆದರೆ ನಲ್ಲಿಯ ಮುಂದೆ ನಿಂತಾಗ ಮನಸ್ಸು ತಾನಾಗಿ ಅತ್ತ ತಿರುಗುವಷ್ಟು ಅಭ್ಯಾಸ ಬೇರೂರಿತು. ನಿವೃತ್ತಿಯಾಗಿ ಆರು ವರ್ಷವಾಗಿದೆ. ಇಂದಿಗೂ ಅಡುಗೆಮನೆಯ ಸಿಂಕಿನಲ್ಲಿ ಕೈ ತೊಳೆಯುವಾಗ ತುಟಿ ಅಲ್ಲಾಡುತ್ತದೆ.

ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಅರ್ಧವನ್ನು ನೀವು ಬರೆದಿದ್ದೀರಿ, ಅದು ನಿಮ್ಮ ಗಮನಕ್ಕೆ ಬಂದಿತೋ ಇಲ್ಲವೋ. ನಿಮ್ಮ ತಂದೆಯವರು ಗಡಿಯಾರ ನೋಡಿ ಪ್ರಾರ್ಥನೆಗೆ ಕೂರುತ್ತಿರಲಿಲ್ಲ. ಹಾಲು ಕರೆಯುವುದು ಯಾವ ದಿನವೂ ತಪ್ಪದ ಕೆಲಸ. ಹಬ್ಬವಿದ್ದರೂ ಜ್ವರವಿದ್ದರೂ ಹಸು ಬಿಡುವುದಿಲ್ಲ. ಆ ಕೆಲಸದ ಬಾಲಕ್ಕೆ ಅವರು ಪ್ರಾರ್ಥನೆಯನ್ನು ಗಂಟು ಹಾಕಿದ್ದರು. ಕ್ಯಾನು ಗೂಟಕ್ಕೆ ಏರುವ ಸದ್ದೇ ನಿಮ್ಮ ಮನೆಯ ಚರ್ಚಿನ ಗಂಟೆಯಾಗಿತ್ತು. ನೀವು ಹಿಡಿದದ್ದು ನಾಲ್ಕೂವರೆ ಎಂಬ ಹೊತ್ತನ್ನು. ನಿಮ್ಮ ಬದುಕಿನಲ್ಲಿ ಮೂರು ವಾರಕ್ಕೊಮ್ಮೆ ಆ ಹೊತ್ತು ಮಾಯವಾಗಿಬಿಡುತ್ತದೆ. ಮೂರು ಪಾಳಿಗಳಲ್ಲಿಯೂ ಬದಲಾಗದೆ ಉಳಿಯುವ, ನೀವು ಮಾಡಿಯೇ ತೀರಬೇಕಾದ ಕೆಲಸ ಯಾವುದಿದೆ ಎಂದು ಒಂದು ವಾರ ನಿಮ್ಮನ್ನೇ ಗಮನಿಸಿ ನೋಡಿ. ಅದು ಸಿಕ್ಕಿದ ಮೇಲೆ ಅದಕ್ಕೆ ಒಂದೇ ಒಂದು ಚಿಕ್ಕ ಪ್ರಾರ್ಥನೆಯನ್ನು ಜೋಡಿಸಿ. ಅರ್ಧ ಗಂಟೆಯ ಆಸೆಯನ್ನು ಸದ್ಯಕ್ಕೆ ಬದಿಗಿಡಿ.

ಉತ್ತರ: ಹೆಬ್ಬಾಳದ ಯುವಕ, ಮೈಸೂರು

ಹಿರಿಯರಿಗೆ ನಮಸ್ಕಾರ. ಆಂಟಿ, ನಿಮ್ಮ ಸಾಕ್ಷಿಯನ್ನು ಗೌರವಿಸುತ್ತೇನೆ, ಆದರೂ ಒಂದು ಅಳುಕನ್ನು ಹೇಳಿಕೊಳ್ಳಲೇಬೇಕು. ಒಂದೇ ಮಾತುಗಳನ್ನು ದಿನಕ್ಕೆ ಮೂವತ್ತು ಸಲ ಹೇಳಿದರೆ ಅದು ಬಾಯಿಪಾಠವಾಗುವುದಿಲ್ಲವೇ? ಮತ್ತಾಯ 6:7ರಲ್ಲಿ ವ್ಯರ್ಥವಾದ ಮಾತುಗಳನ್ನು ಮತ್ತೆ ಮತ್ತೆ ಹೇಳಬೇಡಿರಿ ಎಂದು ಯೇಸುಸ್ವಾಮಿಯೇ ಎಚ್ಚರಿಸಿದ್ದಾರೆ. ನಮ್ಮ ಪ್ರಾರ್ಥನಾ ಗುಂಪಿನಲ್ಲಿ ಹೃದಯದಿಂದ ಬಂದ ಸ್ವಂತ ಮಾತುಗಳಿಂದಲೇ ಪ್ರಾರ್ಥಿಸಬೇಕೆಂದು ಕಲಿತಿದ್ದೇವೆ. ಮಾರ್ಕ 1:35ರಲ್ಲಿ ಆತನು ಇನ್ನೂ ಕತ್ತಲಿರುವಾಗಲೇ ಎದ್ದು ಏಕಾಂತಕ್ಕೆ ಹೋಗಿ ಪ್ರಾರ್ಥಿಸಿದನೆಂದು ಓದುತ್ತೇವೆ. ದೇವರಿಗೆ ದಿನದ ಮೊದಲ ಫಲವಾಗಿ ಒಂದು ಗಂಟೆಯನ್ನಾದರೂ ಕೊಡದೆ ಕೆಲಸದ ನಡುವೆ ಸಿಕ್ಕಿದ ಚೂರುಪಾರನ್ನು ಕೊಟ್ಟರೆ ಅದು ಕಡಿಮೆಯಾಗುವುದಿಲ್ಲವೇ? ಅಣ್ಣನವರಿಗೆ ನನ್ನ ಸಲಹೆಯೆಂದರೆ, ಪಾಳಿ ಯಾವುದೇ ಇರಲಿ, ಎದ್ದ ಕೂಡಲೇ ಮೊಬೈಲು ಮುಟ್ಟದೆ ಒಂದು ಗಂಟೆಯನ್ನು ದೇವರಿಗೆ ಪ್ರತ್ಯೇಕಿಸಿ. ಮೊದಲ ವಾರ ಕಷ್ಟ, ಆಮೇಲೆ ಅದಿಲ್ಲದೆ ದಿನವೇ ಆರಂಭವಾಗುವುದಿಲ್ಲ. ನನಗೆ ಹಾಗೆಯೇ ಆಗಿದೆ.

ಉತ್ತರ: ಲಷ್ಕರ್ ಮೊಹಲ್ಲಾದ ತಾಯಿ, ಮೈಸೂರು

ನಾನು ಕಥೋಲಿಕಳು. ಸಂತ ಫಿಲೋಮಿನಾ ದೇವಾಲಯದ ಗಂಟೆ ಕೇಳುವಷ್ಟು ಹತ್ತಿರದ ಬೀದಿಯಲ್ಲಿ ಹುಟ್ಟಿ ಬೆಳೆದವಳು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಈ ದೇವಾಲಯಕ್ಕೆ ಅಡಿಗಲ್ಲು ಹಾಕಿದ್ದನ್ನು ನೋಡಿದ್ದ ನಮ್ಮ ಅಜ್ಜಿಗೆ ಓದು ಬರೆಹ ಬರುತ್ತಿರಲಿಲ್ಲ. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರಕ್ಕೆ ಗಂಟೆ ಕೇಳಿಸಿದರೆ, ಕೈಯಲ್ಲಿ ಒನಕೆಯಿರಲಿ, ಮೊರವಿರಲಿ, ಕೆಳಗಿಟ್ಟು, ಸೆರಗು ಹೊದ್ದು, ದೇವದೂತನು ಮರಿಯಮ್ಮನವರಿಗೆ ಮಂಗಳವಾರ್ತೆ ತಿಳಿಸಿದ್ದನ್ನು ನೆನೆಯುವ ಪ್ರಾರ್ಥನೆಯನ್ನು ಹೇಳುತ್ತಿದ್ದಳು. ಎರಡು ನಿಮಿಷದ ಕೆಲಸ. ಮತ್ತೆ ಒನಕೆ ಎತ್ತುತ್ತಿದ್ದಳು. ಸಂಜೆ ಏಳಕ್ಕೆ ಮನೆಮಂದಿಯೆಲ್ಲ ಕೂಡಿ ಜಪಸರ, ಅಂದರೆ ಮಣಿ ಸರಿಸುತ್ತಾ ಹೇಳುವ ಪ್ರಾರ್ಥನೆ.

ಹೆಬ್ಬಾಳದ ಮಗನಿಗೆ ಪ್ರೀತಿಯಿಂದ ಒಂದು ಮಾತು. ನೀನು ಹೇಳಿದ ಮತ್ತಾಯ 6:7ರಿಂದ ಎರಡೇ ವಚನ ಮುಂದೆ ಹೋದರೆ, 6:9ರಲ್ಲಿ, “ನೀವು ಹೀಗೆ ಪ್ರಾರ್ಥಿಸಿರಿ” ಎಂದು ಸ್ವಾಮಿಯು ಸಿದ್ಧವಾದ ಮಾತುಗಳನ್ನೇ ಕೊಟ್ಟಿದ್ದಾರೆ. ಸೆರೆಯಾಗುವ ಮೊದಲು ಗೆತ್ಸೇಮನೆಯ ತೋಟದಲ್ಲಿ ಅವರು ಮೂರನೆಯ ಸಲವೂ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದರೆಂದು ಮತ್ತಾಯ 26:44ರಲ್ಲಿದೆ. ಶಿಲುಬೆಯ ಮೇಲೆ ಉಸಿರು ನಿಲ್ಲುವಾಗ ಅವರ ಬಾಯಿಂದ ಬಂದದ್ದು ಸತ್ಯವೇದದ ಕೀರ್ತನೆಗಳ ಪುಸ್ತಕದ 22ನೆಯ ಮತ್ತು 31ನೆಯ ಕೀರ್ತನೆಗಳ ಮಾತುಗಳು, ಅಂದರೆ ಬಾಲ್ಯದಿಂದ ಬಾಯಿಪಾಠವಾಗಿದ್ದ ಮಾತುಗಳು. ಅಷ್ಟು ನೋವಿನಲ್ಲಿ ಹೊಸ ಮಾತು ಕಟ್ಟಲು ಯಾರಿಂದಲೂ ಆಗದು. ಬಾಯಿಗೆ ಬರುವುದು ಪಾಠವಾಗಿರುವುದೇ. ನನ್ನ ಯಜಮಾನರು ತೀರಿಕೊಂಡ ರಾತ್ರಿ ನನಗೆ ಸ್ವಂತ ಮಾತು ಒಂದೂ ಹೊರಡಲಿಲ್ಲ. ಕೈಯಲ್ಲಿದ್ದ ಜಪಸರದ ಮಣಿ ಸರಿಯುತ್ತಿತ್ತು, “ನಮೋ ಮರಿಯಾ” ಎಂದು ಅದರಷ್ಟಕ್ಕೆ ಅದು ನಡೆಯುತ್ತಿತ್ತು. ಆ ರಾತ್ರಿ ನಾನು ಪ್ರಾರ್ಥಿಸಿದೆ ಎನ್ನುವುದಕ್ಕಿಂತ ಪ್ರಾರ್ಥನೆ ನನ್ನನ್ನು ಎತ್ತಿಕೊಂಡು ನಡೆಯಿತು.

ಜಪಸರ ಹೇಳುವ ಪದ್ಧತಿ ಇಲ್ಲದವರಿಗೂ ಅದರಿಂದ ತೆಗೆದುಕೊಳ್ಳಬಹುದಾದದ್ದು ಒಂದಿದೆ. ಜಪಸರ ಹೇಳುವಾಗ ಧ್ಯಾನಿಸುವ ಯೇಸುಸ್ವಾಮಿ ಮತ್ತು ಮರಿಯಮ್ಮನವರ ಬಾಳಿನ ಘಟನೆಗಳನ್ನು ರಹಸ್ಯಗಳು ಎನ್ನುತ್ತೇವೆ. ಸೋಮವಾರ ಮತ್ತು ಶನಿವಾರ ಸಂತೋಷದ ರಹಸ್ಯಗಳು, ಮಂಗಳವಾರ ಮತ್ತು ಶುಕ್ರವಾರ ದುಃಖದ ರಹಸ್ಯಗಳು, ಬುಧವಾರ ಮತ್ತು ಭಾನುವಾರ ಮಹಿಮೆಯ ರಹಸ್ಯಗಳು, ಗುರುವಾರ 2002ರಲ್ಲಿ ಜಗದ್ಗುರು (ಪೋಪ್) ಎರಡನೇ ಜಾನ್ ಪಾಲ್ ಅವರು ಸೇರಿಸಿದ ಬೆಳಕಿನ ರಹಸ್ಯಗಳು. ಇಂದು ಯಾವುದನ್ನು ಧ್ಯಾನಿಸಬೇಕೆಂದು ನಾನು ಯೋಚಿಸುವ ಅಗತ್ಯವೇ ಇಲ್ಲ. ದಿನವೇ ಹೇಳುತ್ತದೆ. ದಣಿದು ಬಂದವರಿಗೆ ಇದು ದೊಡ್ಡ ಉಪಕಾರ. ಏನು ಓದಲಿ, ಏನು ಬೇಡಲಿ ಎಂದು ಹುಡುಕುವುದರಲ್ಲೇ ಅರ್ಧ ಪ್ರಾರ್ಥನೆಗಳು ಸತ್ತುಹೋಗುತ್ತವೆ ಎಂಬುದು ನನ್ನ ಅನುಭವ. ವರ್ಷಕ್ಕೊಮ್ಮೆ ಜೂನ್ 13ಕ್ಕೆ ದೋರನಹಳ್ಳಿಗೆ ಹೋಗಿ ಸಂತ ಅಂತೋಣಿಯವರ ಮುಂದೆ ಮೊಂಬತ್ತಿ ಹಚ್ಚಿ ಬರುವ ಉತ್ಸಾಹ ನಮ್ಮಲ್ಲಿ ಎಲ್ಲರಿಗೂ ಇದೆ. ಜೂನ್ 14ರ ಸಂಜೆ ಏಳಕ್ಕೆ ಮನೆಯಲ್ಲಿ ಮಂಡಿಯೂರುವುದಕ್ಕೆ ಬೇಕಾಗುವುದು ಉತ್ಸಾಹವಲ್ಲ, ಮೊದಲೇ ಗೊತ್ತಾಗಿರುವ ಕ್ರಮ.

ಉತ್ತರ: ಸಭಾಪಾಲಕ, ಮಂಡ್ಯ ಜಿಲ್ಲೆ

ಕರ್ತನಲ್ಲಿ ಪ್ರಿಯರೇ, ಇಲ್ಲಿ ಬಂದಿರುವ ಮಾತುಗಳಿಗೆ ಕೆಲವನ್ನು ಸೇರಿಸಲು ಬಯಸುತ್ತೇನೆ. ಪ್ರಶ್ನೆ ಕೇಳಿದ ಸಹೋದರರಂಥವರು ನನ್ನ ಸಭೆಯಲ್ಲಿಯೂ ಹಲವರಿದ್ದಾರೆ, ಮತ್ತು ಅವರಿಗೆ “ಬೆಳಿಗ್ಗೆ ಬೇಗ ಏಳಿರಿ” ಎಂದು ಹೇಳಿ ಕಳುಹಿಸಿದ ತಪ್ಪು ನನ್ನದೂ ಆಗಿದೆ.

ಮೊದಲು ಸತ್ಯವೇದದ ದಾನಿಯೇಲನನ್ನು ನೋಡೋಣ. ಅರಸನ ಹೊರತು ಬೇರೆ ಯಾರಿಗೂ ಪ್ರಾರ್ಥಿಸಬಾರದೆಂಬ ಶಾಸನ ಹೊರಟಿದ್ದು ತಿಳಿದ ಮೇಲೆ, ಅವನು ಮನೆಗೆ ಹೋಗಿ, ಯೆರೂಸಲೇಮಿನ ಕಡೆಗೆ ಕಿಟಕಿ ತೆರೆದಿದ್ದ ಮೇಲಿನ ಕೋಣೆಯಲ್ಲಿ ದಿನಕ್ಕೆ ಮೂರು ಸಲ ಮೊಣಕಾಲೂರಿ ಪ್ರಾರ್ಥಿಸಿದನೆಂದು ದಾನಿಯೇಲ 6:10 ಹೇಳುತ್ತದೆ. ಅಲ್ಲಿಯೇ ಇನ್ನೊಂದು ಮಾತಿದೆ, ಅದನ್ನು ನಾವು ದಾಟಿ ಹೋಗುತ್ತೇವೆ: ಮೊದಲಿನಿಂದ ಮಾಡುತ್ತಿದ್ದ ಹಾಗೆಯೇ ಮಾಡಿದನು. ಸಿಂಹಗಳ ಗವಿಯ ಭಯ ಎದುರಿಗೆ ಬಂದಾಗ ಅವನು ಹೊಸದಾಗಿ ಪ್ರಾರ್ಥನೆ ಆರಂಭಿಸಲಿಲ್ಲ. ಕಿಟಕಿ ಮೊದಲೇ ತೆರೆದಿತ್ತು, ಮೊಣಕಾಲಿಗೆ ಆ ನೆಲ ಮೊದಲೇ ಪರಿಚಿತವಾಗಿತ್ತು. ಅವನೂ ಸರ್ಕಾರದ ದೊಡ್ಡ ಹುದ್ದೆಯಲ್ಲಿದ್ದು ಪುರಸೊತ್ತಿಲ್ಲದವನೇ. ದಿನಕ್ಕೆ ಮೂರು ಸಲ ಎಂಬ ಈ ರೂಢಿ ಆದಿಸಭೆಗೂ ಬಂತು. ಬಹಳ ಹಳೆಯ ಸಭಾಕ್ರಮದ ಬರಹವಾದ ದಿದಾಖೆಯ ಎಂಟನೆಯ ಅಧ್ಯಾಯದಲ್ಲಿ, ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿರಿ ಎಂಬ ಅಪ್ಪಣೆಯಿದೆ. ಹೊಲದಲ್ಲಿ, ಬಂದರಿನಲ್ಲಿ, ಯಜಮಾನನ ಮನೆಯಲ್ಲಿ ದಾಸರಾಗಿ ದುಡಿಯುತ್ತಿದ್ದವರೂ ಪಾಲಿಸಬಹುದಾದ ಅಪ್ಪಣೆ ಅದು. ಆದುದರಿಂದ ನಿವೃತ್ತ ನರ್ಸ್ ಅಮ್ಮನವರ ನಲ್ಲಿಯ ಪ್ರಾರ್ಥನೆ ಚೂರುಪಾರು ಎಂದು ನನಗೆ ಅನಿಸುವುದಿಲ್ಲ. ಅದು ಸಭೆಯ ಬಹಳ ಹಳೆಯ ರೂಢಿಗಳಲ್ಲೊಂದರ ಮಗಳು.

ಮನಸ್ಸು ಯಂತ್ರದ ಹತ್ತಿರ ಓಡುತ್ತದೆ ಎಂದು ಸಹೋದರರು ಬರೆದಿದ್ದಾರೆ. 1535ರಲ್ಲಿ ಸಭಾಸುಧಾರಕ ಮಾರ್ಟಿನ್ ಲೂಥರನಿಗೆ ಅವನ ಕ್ಷೌರಿಕನಾದ ಪೇತ್ರನೆಂಬವನು ಪ್ರಾರ್ಥಿಸುವುದು ಹೇಗೆಂದು ಕೇಳಿದಾಗ, ಲೂಥರ್ ಆ ಒಬ್ಬನಿಗಾಗಿಯೇ ಒಂದು ಪುಟ್ಟ ಬರಹವನ್ನು ಬರೆದುಕೊಟ್ಟನು. ಒಳ್ಳೆಯ ಕ್ಷೌರಿಕನ ಕಣ್ಣು, ಮನಸ್ಸು ಎಲ್ಲವೂ ಕತ್ತಿಯ ಮೇಲೆ, ಕೂದಲಿನ ಮೇಲೆ ಇರುತ್ತದೆ. ಹರಟುತ್ತಾ ಅತ್ತಿತ್ತ ನೋಡಿದರೆ ಗಿರಾಕಿಯ ಮೂಗೋ ಕತ್ತೋ ಕುಯ್ದುಹೋದೀತು. ಪ್ರಾರ್ಥನೆಗೂ ಅದೇ ಗಮನ ಬೇಕು ಎಂದು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಿದನು. “ಇನ್ನೊಂದು ಗಂಟೆ ತಾಳು, ಈ ಕೆಲಸ ಮುಗಿಸಿ ಪ್ರಾರ್ಥಿಸುತ್ತೇನೆ” ಎಂಬ ಯೋಚನೆಯನ್ನು ನಂಬಬೇಡ ಎಂದೂ ಎಚ್ಚರಿಸಿದನು. ಗಮನ ನಿಲ್ಲಿಸಲು ಅವನು ಕೊಟ್ಟ ಉಪಾಯವೆಂದರೆ ಕರ್ತನ ಪ್ರಾರ್ಥನೆಯ ಒಂದೊಂದು ಬೇಡಿಕೆಯನ್ನು ಬಿಡಿಸಿಕೊಂಡು, ಅದರ ಮೇಲೆ ನಿಂತು, ತನ್ನ ಮಾತಿನಲ್ಲಿ ಅದನ್ನು ಬೆಳೆಸುವುದು. ದಶಾಜ್ಞೆಗಳನ್ನು ಹಿಡಿದರೆ ಪ್ರತಿಯೊಂದು ಆಜ್ಞೆಯನ್ನೂ ನಾಲ್ಕು ಎಳೆಯ ಹಾರದಂತೆ ಹೆಣೆಯುವುದು: ಇದು ನನಗೆ ಕಲಿಸುವುದೇನು, ಇದಕ್ಕಾಗಿ ನಾನು ಸಲ್ಲಿಸಬೇಕಾದ ಕೃತಜ್ಞತೆ ಯಾವುದು, ನಾನು ಒಪ್ಪಿಕೊಳ್ಳಬೇಕಾದ ತಪ್ಪು ಯಾವುದು, ನಾನು ಬೇಡಬೇಕಾದುದೇನು. ಹೆಬ್ಬಾಳದ ತಮ್ಮನಿಗೆ ಸಿದ್ಧ ಮಾತು ಮತ್ತು ಸ್ವಂತ ಮಾತು ಎರಡು ಬೇರೆ ದಾರಿಗಳಾಗಿ ಕಾಣಿಸಿವೆ. ಲೂಥರನ ಉಪಾಯದಲ್ಲಿ ಸಿದ್ಧ ಮಾತು ಚಪ್ಪರದ ಕಂಬ, ಸ್ವಂತ ಮಾತು ಅದಕ್ಕೆ ಹಬ್ಬುವ ಬಳ್ಳಿ. ಮಾರ್ಕ 1:35ರ ಕುರಿತೂ ಒಂದು ಮಾತಿದೆ. ಹಿಂದಿನ ಸಂಜೆ ಕಪೆರ್ನೌಮಿನಲ್ಲಿ ಪಟ್ಟಣವೆಲ್ಲ ಬಾಗಿಲಿಗೆ ಬಂದು ಸೇರಿತ್ತು. ಜನರಿಲ್ಲದ ಹೊತ್ತು ಆತನಿಗೆ ಸಿಕ್ಕಿದ್ದು ಅದೊಂದೇ ಎಂದು ನಾನು ಓದಿಕೊಳ್ಳುತ್ತೇನೆ. ಬೇರೆ ಸಂದರ್ಭದಲ್ಲಿ ಸಂಜೆಯಿಂದಲೇ ಬೆಟ್ಟದಲ್ಲಿ ಒಬ್ಬನೇ ಇದ್ದನೆಂದು ಮತ್ತಾಯ 14:23 ಹೇಳುತ್ತದೆ.

ಏನು ಓದಬೇಕೆಂಬುದಕ್ಕೂ ಒಂದು ಹಳೆಯ ಕ್ರಮವನ್ನು ಸೂಚಿಸುತ್ತೇನೆ. ಆಂಗ್ಲಿಕನ್ ಸಭೆಯ 1662ರ ಪ್ರಾರ್ಥನಾ ಪುಸ್ತಕದಲ್ಲಿ 150 ಕೀರ್ತನೆಗಳನ್ನು ತಿಂಗಳ 30 ದಿನಗಳಿಗೆ, ಬೆಳಿಗ್ಗೆ ಮತ್ತು ಸಂಜೆಗೆಂದು, ಹಂಚಿಕೊಟ್ಟಿದ್ದಾರೆ. ಅಷ್ಟು ಆಗದಿದ್ದರೆ ದಿನಕ್ಕೆ ಒಂದೇ ಕೀರ್ತನೆ ಓದಿರಿ, ಐದು ತಿಂಗಳಲ್ಲಿ ಮುಗಿಯುತ್ತದೆ, ಮತ್ತೆ ಮೊದಲಿನಿಂದ ಹಿಡಿಯಿರಿ. ಮನಸ್ಸಿಗೆ ಒಪ್ಪದ ಕೀರ್ತನೆ ಬಂದರೂ ಬಿಡಬೇಡಿ. 88ನೆಯ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅಂದು ನೀವು ಸಂತೋಷವಾಗಿದ್ದರೆ, ಕತ್ತಲೆಯಲ್ಲಿರುವ ನಿಮ್ಮ ನೆರೆಯವರ ಪರವಾಗಿ ಅದನ್ನು ಓದಿರಿ.

ಇನ್ನು ಆ ನೋಟ್‌ಬುಕ್ಕು. ಸಹೋದರರೇ, ನಿಮ್ಮ ಪತ್ರದಲ್ಲಿ ನನ್ನ ಮನಸ್ಸನ್ನು ಹೆಚ್ಚು ನೋಯಿಸಿದ್ದು ಅದೇ. ಗುರುತು ಹಾಕುವುದು ತಪ್ಪೆಂದು ಹೇಳುವುದಿಲ್ಲ, ಆದರೆ ನಿಮಗೆ ಅದು ಸಾಲದ ಪುಸ್ತಕವಾಗಿಬಿಟ್ಟಿದೆ. ಮೂರು ಸಲ ತನ್ನನ್ನು ಅರಿಯೆನೆಂದ ಶಿಷ್ಯ ಪೇತ್ರನನ್ನು ಪುನರುತ್ಥಾನವಾದ ಕರ್ತನು ಸಮುದ್ರದ ದಡದಲ್ಲಿ ಕಂಡಾಗ ಲೆಕ್ಕ ಕೇಳಲಿಲ್ಲ. ಕೆಂಡದ ಮೇಲೆ ಮೀನು ಇಟ್ಟು, ರೊಟ್ಟಿ ಇಟ್ಟು, ಮೊದಲು ಊಟಕ್ಕೆ ಕರೆದನು. ಊಟವಾದ ಮೇಲೆ ಕೇಳಿದ್ದೂ “ನನ್ನನ್ನು ಪ್ರೀತಿಸುತ್ತೀಯೋ” ಎಂದು. ಹನ್ನೆರಡನೆಯ ದಿನ ತಪ್ಪಿದರೆ ಹದಿಮೂರನೆಯ ದಿನದ ಪ್ರಾರ್ಥನೆಯನ್ನು ಹನ್ನೆರಡನೆಯ ದಿನದ ಕ್ಷಮಾಪಣೆಯಿಂದ ತುಂಬಬೇಡಿ. ಒಂದು ಮಾತಿನಲ್ಲಿ ಅರಿಕೆ ಮಾಡಿ ಆ ದಿನದ ಕೀರ್ತನೆಗೆ ಹೋಗಿರಿ.

ಕೊನೆಯದಾಗಿ, ಕುಟುಂಬ ಪ್ರಾರ್ಥನೆಯನ್ನು ನೀವೊಬ್ಬರೇ ಹೊತ್ತುಕೊಂಡಿದ್ದೀರಿ ಎಂದು ಕಾಣುತ್ತದೆ. ನಾವು “ನನ್ನ ತಂದೆಯೇ” ಎನ್ನದೆ “ನಮ್ಮ ತಂದೆಯೇ” ಎನ್ನುತ್ತೇವೆ ಎಂದು ಮೂರನೆಯ ಶತಮಾನದಲ್ಲಿ ಕಾರ್ಥೇಜಿನ ಸಭಾಧ್ಯಕ್ಷನಾಗಿದ್ದ ಸಿಪ್ರಿಯಾನನು ಬರೆದಿದ್ದಾನೆ. ನೀವು ಎರಡನೇ ಪಾಳಿಯಲ್ಲಿರುವ ವಾರ ನಿಮ್ಮ ಪತ್ನಿಯವರು ಮಕ್ಕಳೊಡನೆ ನಡೆಸಲಿ. ಏಳನೇ ತರಗತಿಯ ಮಗಳಿಗೆ ಸತ್ಯವೇದ ಓದುವ ಜವಾಬ್ದಾರಿ ಕೊಡಿ. ನೀವು ಇಲ್ಲದ ಸಂಜೆಯೂ ಅದು ನಡೆದರೆ, ಅದು ಮನೆಯ ಪ್ರಾರ್ಥನೆಯಾಗಿ ಬೇರು ಬಿಟ್ಟಿದೆ ಎಂದು ತಿಳಿಯಿರಿ.

ಉತ್ತರ: ಹೆಬ್ಬಾಳದ ಯುವಕ, ಮೈಸೂರು

ಅಮ್ಮ, ಅಯ್ಯನವರೇ, ನಿಮ್ಮ ಮಾತುಗಳನ್ನು ಯೋಚಿಸಿ ನೋಡಿದೆ. ಬೆಳಗಿನ ಒಂದು ಗಂಟೆಯನ್ನು ನಾನು ಬಿಡುವುದಿಲ್ಲ. ಆದರೆ ಅದನ್ನು ಅಣ್ಣನವರ ಮೇಲೆ ಹೊರೆಯಾಗಿ ಹೊರಿಸಿದ್ದು ಸರಿಯಲ್ಲವೆಂದು ತೋರಿತು. ನನಗಿನ್ನೂ ಮದುವೆಯಾಗಿಲ್ಲ, ರಾತ್ರಿ ಪಾಳಿಯೂ ಇಲ್ಲ. ಗೆತ್ಸೇಮನೆಯ ಆ ವಚನವನ್ನು ಎಷ್ಟೋ ಸಲ ಓದಿದ್ದರೂ “ಅದೇ ಮಾತುಗಳನ್ನು” ಎಂಬುದು ಕಣ್ಣಿಗೆ ಬಿದ್ದಿರಲಿಲ್ಲ.

ಮೂರು ವಾರಗಳ ನಂತರ: ಮಂಡ್ಯದ ಪಾಳಿಗಾರ

ಉತ್ತರ ಕೊಟ್ಟ ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಒಂದು ಸುತ್ತು ಪಾಳಿ ಮುಗಿಯುವವರೆಗೆ ಏನನ್ನೂ ಬರೆಯಬಾರದೆಂದು ಸುಮ್ಮನಿದ್ದೆ.

ಅಕ್ಕನವರು ಹೇಳಿದಂತೆ ಮೂರು ಪಾಳಿಗಳಲ್ಲಿಯೂ ತಪ್ಪದ ಕೆಲಸವನ್ನು ಹುಡುಕಿದೆ. ಊಟದ ಹೊತ್ತು ಬದಲಾಗುತ್ತದೆ, ನಿದ್ರೆಯ ಹೊತ್ತು ಬದಲಾಗುತ್ತದೆ, ಸ್ನಾನವೂ ಹಾಗೆಯೇ. ಉಳಿದದ್ದು ನನ್ನ ಸೇಫ್ಟಿ ಶೂ. ಕೆಲಸಕ್ಕೆ ಹೊರಡುವಾಗ ಜಗಲಿಯ ಮೇಲೆ ಕುಳಿತು ಅದರ ಲೇಸು ಬಿಗಿಯಬೇಕು, ಬಂದ ಮೇಲೆ ಅಲ್ಲಿಯೇ ಕುಳಿತು ಬಿಚ್ಚಬೇಕು. ಒಂದೊಂದು ಶೂಗೆ ಏಳು ಜೊತೆ ತೂತುಗಳಿವೆ, ಅವಸರ ಮಾಡಿದರೆ ಗಂಟು ಬೀಳುತ್ತದೆ. ಈಗ ಬಿಗಿಯುವಾಗ 121ನೆಯ ಕೀರ್ತನೆಯನ್ನು ಹೇಳುತ್ತೇನೆ. ಎಂಟೇ ವಚನಗಳು, ಅಪ್ಪನ ಕಾಲದಿಂದ ಬಾಯಿಗೆ ಬರುತ್ತಿತ್ತು. ಹೋಗುವಾಗಲೂ ಬರುವಾಗಲೂ ಆತನು ಕಾಯುವನೆಂಬ ಕೊನೆಯ ವಚನಕ್ಕೆ ಬರುವಷ್ಟರಲ್ಲಿ ಎರಡನೆಯ ಶೂ ಮುಗಿದಿರುತ್ತದೆ. ಬಂದು ಬಿಚ್ಚುವಾಗ ಕರ್ತನ ಪ್ರಾರ್ಥನೆಯ ಒಂದೇ ಬೇಡಿಕೆಯನ್ನು ಹಿಡಿದು, ಅಯ್ಯನವರು ಹೇಳಿದ ರೀತಿಯಲ್ಲಿ ಅದರ ಮೇಲೆ ನಿಲ್ಲುತ್ತೇನೆ. “ಅನುದಿನದ ಆಹಾರ” ಎಂಬಲ್ಲಿ ನಾಲ್ಕು ದಿನ ನಿಂತುಬಿಟ್ಟೆ, ಏಕೆಂದರೆ ನಮ್ಮ ವಿಭಾಗದಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ ಇಬ್ಬರು ಹುಡುಗರನ್ನು ಆ ವಾರವೇ ಬೇಡವೆಂದು ಕಳುಹಿಸಿದ್ದರು.

ಎರಡು ದಿನ ತಪ್ಪಿತು. ಒಂದು ದಿನ ಬಸ್ಸು ಬಂದುಬಿಟ್ಟಿತೆಂದು ಲೇಸು ಕಟ್ಟದೆಯೇ ಓಡಿದೆ, ಇನ್ನೊಂದು ದಿನ ಮರೆತೆ. ಅರಿಕೆ ಒಂದೇ ಮಾತಿನಲ್ಲಿ ಮುಗಿಸಿದೆ. ನೋಟ್‌ಬುಕ್ಕನ್ನು ಮಗನ ಲೆಕ್ಕದ ಅಭ್ಯಾಸಕ್ಕೆ ಕೊಟ್ಟಿದ್ದೇನೆ.

ಸಂಜೆಯ ಪ್ರಾರ್ಥನೆಯನ್ನು ಹೆಂಡತಿ ಮತ್ತು ಮಕ್ಕಳು ದಿನಕ್ಕೊಂದು ಕೀರ್ತನೆಯಂತೆ ಆರಂಭಿಸಿದ್ದಾರೆ. ನಮ್ಮ ಮನೆಯಲ್ಲಿ ಈಗ ಹಸುವಿಲ್ಲ. ಸಂಜೆ ಮುದ್ದೆಗೆ ಎಸರಿಟ್ಟು ಅದು ಕುದಿ ಬರುವವರೆಗಿನ ಹೊತ್ತನ್ನು ಅವಳು ಹಿಡಿದುಕೊಂಡಿದ್ದಾಳೆ. ನಾನು ಮೊದಲ ಪಾಳಿಯಲ್ಲಿದ್ದ ವಾರ ಅವರೊಡನೆ ಚಾಪೆಯ ಮೇಲೆ ಕುಳಿತೆ. ಮಗಳು ಓದಿದಳು.

ನಾಳೆಯಿಂದ ಮತ್ತೆ ರಾತ್ರಿ ಪಾಳಿ. ಬೆಳಗಿನ ಮೂರು ಗಂಟೆಯ ಸುಮಾರಿಗೆ ಹತ್ತು ನಿಮಿಷ ಚಹಾಕ್ಕೆ ಬಿಡುತ್ತಾರೆ. ಆ ಹೊತ್ತಿಗೆ ತಲೆ ಭಾರವಾಗಿ ಯಾವ ಮಾತೂ ನೆನಪಿಗೆ ಬರುವುದಿಲ್ಲ. ಅಕ್ಕ, ನೀವು ರಾತ್ರಿ ಡ್ಯೂಟಿಯಲ್ಲಿ ಆ ಹೊತ್ತಿಗೆ ಏನು ಹೇಳುತ್ತಿದ್ದಿರಿ?

ಉತ್ತರ: ನಿವೃತ್ತ ನರ್ಸ್, ಮೈಸೂರು

ತಮ್ಮ, ನೀವು ಬರೆದದ್ದನ್ನು ಓದಿ ಕಣ್ಣು ತುಂಬಿತು. ಆ ಇಬ್ಬರು ಹುಡುಗರನ್ನು ನಾನೂ ನನ್ನ “ನಮ್ಮ”ದೊಳಗೆ ಸೇರಿಸಿಕೊಂಡಿದ್ದೇನೆ.

ರಾತ್ರಿ ಮೂರರ ಹೊತ್ತಿಗೆ ನಾನು ಹೇಳುತ್ತಿದ್ದುದು 134ನೆಯ ಕೀರ್ತನೆ. ಯಾತ್ರಿಕರು ಯೆರೂಸಲೇಮಿಗೆ ಏರಿ ಹೋಗುವಾಗ ಹಾಡುತ್ತಿದ್ದರೆಂದು ಹೇಳುವ ಹದಿನೈದು ಕೀರ್ತನೆಗಳಲ್ಲಿ ಅದೇ ಕೊನೆಯದು, ಇರುವುದು ಮೂರೇ ವಚನ. ನಿಮ್ಮ 121ನೆಯದೂ ಅದೇ ಗುಂಪಿನದು. ರಾತ್ರಿಯಲ್ಲಿ ಯೆಹೋವನ ಆಲಯದಲ್ಲಿ ನಿಂತು ಸೇವೆ ಮಾಡುವವರೇ, ಕೈಗಳನ್ನೆತ್ತಿ ಆತನನ್ನು ಕೊಂಡಾಡಿರಿ ಎಂದು ಅದು ಕರೆಯುತ್ತದೆ. ಊರೆಲ್ಲ ಮಲಗಿರುವಾಗ ಎಚ್ಚರವಿದ್ದು ಕೆಲಸ ಮಾಡುವವರನ್ನು ಉದ್ದೇಶಿಸಿ ಬರೆದ ಕೀರ್ತನೆಯೊಂದು ಸತ್ಯವೇದದಲ್ಲಿ ಇದೆ ಎಂಬುದು ತಿಳಿದ ರಾತ್ರಿ ನನಗಾದ ಸಂತೋಷವನ್ನು ಹೇಳಲಾರೆ. ಅದನ್ನು ಒಂದು ಚೀಟಿಯಲ್ಲಿ ಬರೆದು ಔಷಧಿಯ ಟ್ರೇಯ ಕೆಳಗೆ ಅಂಟಿಸಿಕೊಂಡಿದ್ದೆ. ನೀವು ಟಿಫಿನ್ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಕೊಳ್ಳಿ. ಬರೆಯುವ ಕೆಲಸವನ್ನು ಮಗಳಿಗೆ ಕೊಡಿ, ದೊಡ್ಡ ಅಕ್ಷರದಲ್ಲಿ ಬರೆಯಲು ಹೇಳಿ. ಮೂರು ಗಂಟೆಗೆ ಸಣ್ಣ ಅಕ್ಷರ ಕಾಣುವುದಿಲ್ಲ.